ರೇಡಿಯೇಟರ್‌ಗೆ ನೀರು ಸುರಿಯುವ ಮುನ್ನ: ಕಾರಿನ ಕೂಲಿಂಗ್ ವ್ಯವಸ್ಥೆ ನೋಡಿಕೊಳ್ಳುವ ಬಗೆ

ಬೇಸಿಗೆ ಶುರುವಾದರೆ ಸಾಕು, ಇವೇ ಪ್ರಶ್ನೆಗಳು ಬರುತ್ತವೆ. ‘ಕೂಲಂಟ್ ಕಮ್ಮಿಯಾಗಿದೆ, ನೀರು ಹಾಕಬಹುದಾ?’ ‘ಹಸಿರು ಕೂಲಂಟ್ ಇತ್ತು, ಅಂಗಡಿಯಲ್ಲಿ ಕೆಂಪು ಕೊಟ್ಟರು, ಬೆರೆಸಲಾ?’ ‘ಶಿರಾಡಿ ಘಾಟಿ ಹತ್ತುವಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿತು, ಎಸಿ ಆಫ್ ಮಾಡಿದೆ, ಇಳಿಯಿತು, ಇನ್ನೇನೂ ಮಾಡಬೇಕಿಲ್ಲ ಅಲ್ವಾ?’ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿ ಕೂರಬೇಕು. ಈಗಿನ ಕಾರುಗಳ ಕೂಲಿಂಗ್ ಮುಚ್ಚಿದ ವ್ಯವಸ್ಥೆ. ಅದರೊಳಗೆ ಓಡಾಡಿ ಎಂಜಿನ್ನಿನ ಬಿಸಿಯನ್ನು ರೇಡಿಯೇಟರಿಗೆ ಹೊತ್ತೊಯ್ಯುವ ದ್ರವ, ಅಂದರೆ ಕೂಲಂಟ್, ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ವರ್ಷದಲ್ಲಿ ಒಂದು ಬೆರಳಷ್ಟು ಇಳಿದರೆ ಚಿಂತೆ ಬೇಡ. ತಿಂಗಳಿಗೊಮ್ಮೆ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಎಂಜಿನ್ನೇ ಅದನ್ನು ಒಳಗೆ ಕುಡಿಯುತ್ತಿದೆ. ಆಗ ಬಾಟಲಿ ನೀರು ತಂದು ಸುರಿದರೆ ರೋಗದ ಗುರುತನ್ನು ಅಳಿಸಿದಂತಾಗುತ್ತದೆ, ರೋಗ ಹಾಗೇ ಇರುತ್ತದೆ.

ಈ ನೀರು ಸುರಿಯುವ ಅಭ್ಯಾಸ ನಮಗೆ ಅಂಬಾಸಿಡರ್ ಕಾಲದಿಂದ ಬಂದದ್ದು. ಆ ಕಾರಿನ ಹಳೆಯ ಪೆಟ್ರೋಲ್ ಎಂಜಿನ್ನಿನ ಬ್ಲಾಕೂ, ಅಂದರೆ ಮುಖ್ಯ ದೇಹವೂ, ಎರಕದ ಕಬ್ಬಿಣ, ಅದರ ಮೇಲೆ ಕೂರುವ ಹೆಡ್ಡೂ ಎರಕದ ಕಬ್ಬಿಣ. ಘಾಟಿಯ ತಿರುವಿನಲ್ಲಿ ನಿಲ್ಲಿಸಿ, ಝರಿಯ ನೀರು ತುಂಬಿ, ಬೀಡಿ ಸೇದಿ ಮುಗಿಸುವಷ್ಟರಲ್ಲಿ ಗಾಡಿ ಮತ್ತೆ ಹೊರಡುತ್ತಿತ್ತು. ಇಂದಿನ ಕಾರುಗಳ ಹೆಡ್ ಅಲ್ಯೂಮಿನಿಯಂನದು. ಒಂದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಮಿತಿ ಮೀರಿ ಕಾದರೆ ಹೆಡ್ ಬಾಗುತ್ತದೆ, ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ಗ್ಯಾಸ್ಕೆಟ್ ಹೋಗುತ್ತದೆ. ಗ್ಯಾಸ್ಕೆಟ್ ಅಂದರೆ ಎಣ್ಣೆ, ಕೂಲಂಟ್, ಉರಿಯುವ ಅನಿಲ ಮೂರೂ ಒಂದರ ದಾರಿಗೆ ಇನ್ನೊಂದು ನುಗ್ಗದಂತೆ ತಡೆಯುವ ತೆಳು ಹಾಳೆ. ಅದು ಹೋದಮೇಲೆ ಖರ್ಚು ಕೂಲಂಟ್ ಕ್ಯಾನಿನ ಲೆಕ್ಕದಲ್ಲಿ ಇರುವುದಿಲ್ಲ. ಇನ್ಶೂರೆನ್ಸ್ ಇದೆಯಲ್ಲ ಎನ್ನಬೇಡಿ. ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ಯಾಂತ್ರಿಕ ಕೆಡುಕಿಗೆ ಪರಿಹಾರವಿಲ್ಲ.

ಏನೇನು ಬೇಕು?

ತಿಂಗಳ ತಪಾಸಣೆಗೆ ಒಂದು ಟಾರ್ಚ್, ಒಂದು ಹಳೇ ಬಟ್ಟೆ ಸಾಕು. ಕೂಲಂಟ್ ಬದಲಿಸುವುದಾದರೆ ಕೈಗವಸು, ಅಗಲವಾದ ಟಬ್ಬು, ಆಲಿಕೆ, ಪ್ಲೈಯರ್, ಸ್ಕ್ರೂಡ್ರೈವರ್, ಐದಾರು ಲೀಟರ್ ಡಿಸ್ಟಿಲ್ಡ್ ವಾಟರ್, ಹೊಸ ಕೂಲಂಟ್. ಇವೆಲ್ಲಕ್ಕಿಂತ ಮುಖ್ಯವಾದದ್ದು ಕಾರಿನ ಜೊತೆ ಬಂದ ಮ್ಯಾನುಯಲ್ ಪುಸ್ತಕ. ಕೂಲಂಟ್ ಯಾವ ಬಗೆಯದು, ಎಷ್ಟು ಲೀಟರ್, ಎಷ್ಟು ವರ್ಷಕ್ಕೆ ಬದಲಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಅದು ಹೇಳುವುದಕ್ಕೂ ನಾನು ಹೇಳುವುದಕ್ಕೂ ಹೊಂದದಿದ್ದರೆ ಅದನ್ನೇ ನಂಬಿ.

1. ತಿಂಗಳಿಗೊಮ್ಮೆ ಬಾನೆಟ್ ತೆಗೆಯಿರಿ

ಬೆಳಿಗ್ಗೆ, ಕಾರು ಸ್ಟಾರ್ಟ್ ಮಾಡುವ ಮುಂಚೆ, ಸಮತಟ್ಟಾದ ಜಾಗದಲ್ಲಿ ನೋಡಬೇಕು. ರೇಡಿಯೇಟರ್ ಪಕ್ಕದಲ್ಲೋ ಹಿಂದೆಯೋ ಅರೆಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದೇ ಕೂಲಂಟ್ ಟ್ಯಾಂಕ್. ಅದರ ಮೇಲೆ ಎರಡು ಗೆರೆಗಳಿರುತ್ತವೆ. ಎಂಜಿನ್ ತಣ್ಣಗಿದ್ದಾಗ ದ್ರವ ಆ ಎರಡರ ನಡುವೆ ಇರಬೇಕು. ಹಳೇ ಟ್ಯಾಂಕಿನ ಗೋಡೆಯಲ್ಲಿ ಕಲೆ ಕಟ್ಟಿ ದ್ರವ ಇರುವಂತೆ ಕಾಣುತ್ತದೆ. ಅನುಮಾನ ಬಂದರೆ ಕಾರನ್ನು ಮೆಲ್ಲಗೆ ಅಲುಗಾಡಿಸಿ, ಮಟ್ಟ ಕದಲುವುದು ಕಂಡರೆ ನಿಜವಾಗಿಯೂ ಇದೆ ಎಂದರ್ಥ.

ಮಟ್ಟವನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ತಿಂಗಳು ಹೋಲಿಸಿದಾಗ ಇಳಿದಿದೆಯೋ ಇಲ್ಲವೋ ಎಂಬ ವಾದವೇ ಇರುವುದಿಲ್ಲ.

ಬಣ್ಣವನ್ನೂ ನೋಡಿ. ಸ್ವಚ್ಛವಾದ ಹಸಿರು, ಕೆಂಪು, ಗುಲಾಬಿ, ನೀಲಿ ಯಾವುದಾದರೂ ಸರಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ತುಕ್ಕು ಹಿಡಿಯುತ್ತಿದೆ. ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಎಳೆದಾಗ ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆ ಬಂದರೆ ಕಾರನ್ನು ಓಡಿಸಬೇಡಿ. ಎಣ್ಣೆಯೂ ಕೂಲಂಟೂ ಒಂದಾಗಿವೆ.

2. ಸೋರುವ ಜಾಗ ಹುಡುಕಿ

ಕೂಲಂಟ್ ಸೋರಿದಲ್ಲಿ ನೀರು ಆರಿಹೋಗಿ ಹಸಿರೋ ಗುಲಾಬಿಯೋ ಬಿಳಿಯೋ ಆದ ಪುಡಿ ಕಟ್ಟಿಕೊಳ್ಳುತ್ತದೆ. ನಿಮ್ಮ ಟಾರ್ಚ್ ಹುಡುಕಬೇಕಾದದ್ದು ಆ ಪುಡಿಯನ್ನು. ರಬ್ಬರ್ ಹೋಸ್ ಪೈಪುಗಳ ಎರಡು ತುದಿಯ ಕ್ಲಿಪ್ಪುಗಳು, ರೇಡಿಯೇಟರಿನ ಅಲ್ಯೂಮಿನಿಯಂ ಭಾಗಕ್ಕೆ ಪ್ಲಾಸ್ಟಿಕ್ ತೊಟ್ಟಿ ಸೇರುವ ಅಂಚು, ಕೂಲಂಟನ್ನು ಓಡಾಡಿಸುವ ವಾಟರ್ ಪಂಪಿನ ಕೆಳಭಾಗ, ಈ ಮೂರು ಕಡೆ ಮೊದಲು ನೋಡಿ. ವಾಟರ್ ಪಂಪಿನಲ್ಲಿ ಬೇಕೆಂದೇ ಬಿಟ್ಟ ಒಂದು ಸಣ್ಣ ರಂಧ್ರವಿರುತ್ತದೆ. ಒಳಗಿನ ಸೀಲ್ ಸವೆದಾಗ ಅಲ್ಲಿಂದ ಹನಿಯಲಿ, ಮಾಲೀಕನಿಗೆ ಗೊತ್ತಾಗಲಿ ಎಂದೇ ಅದನ್ನು ಇಟ್ಟಿರುತ್ತಾರೆ. ಅದನ್ನು ಎಂ-ಸೀಲ್ ಹಾಕಿ ಮುಚ್ಚಿದ ಗಾಡಿಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿಂದ ತೊಟ್ಟಿಕ್ಕುತ್ತಿದ್ದರೆ ಪಂಪು ಬದಲಿಸುವ ಕಾಲ ಬಂದಿದೆ.

ತಣ್ಣಗಿರುವಾಗ ಹೋಸ್‌ಗಳನ್ನು ಹಿಸುಕಿ ನೋಡಿ. ಗಟ್ಟಿ ರಬ್ಬರಿನಂತೆ ಬಿಗಿಯಾಗಿ ಪುಟಿಯಬೇಕು. ಒಣಗಿ ಬಿರುಕು ಬಿಟ್ಟಿದ್ದರೂ ಹೋಯಿತು, ಸ್ಪಂಜಿನಂತೆ ಮೆತ್ತಗಾಗಿದ್ದರೂ ಹೋಯಿತು. ಮಲೆನಾಡಿನ ಮನೆಗಳಲ್ಲೂ ಬೆಂಗಳೂರಿನ ಅಪಾರ್ಟ್‌ಮೆಂಟ್ ನೆಲಮಾಳಿಗೆಗಳಲ್ಲೂ ಇಲಿ, ಹೆಗ್ಗಣಗಳು ಇವನ್ನು ಕಡಿಯುವುದುಂಟು. ವಾರಗಟ್ಟಲೆ ನಿಲ್ಲಿಸಿದ ಕಾರನ್ನು ತೆಗೆಯುವ ಮುಂಚೆ ಒಮ್ಮೆ ಬಗ್ಗಿ ನೋಡಿ.

ಹೊರಗೆ ಎಲ್ಲೂ ಪುಡಿಯಿಲ್ಲ, ಹನಿಯಿಲ್ಲ, ಆದರೂ ಮಟ್ಟ ಇಳಿಯುತ್ತಿದೆಯೇ? ಕಾರಿನೊಳಗೆ ಮುಂದಿನ ಸೀಟಿನ ಕೆಳಗಿನ ಮ್ಯಾಟ್ ಮುಟ್ಟಿ ನೋಡಿ. ಹೀಟರಿನ ಪುಟ್ಟ ರೇಡಿಯೇಟರ್ ಡ್ಯಾಶ್‌ಬೋರ್ಡಿನ ಹಿಂದಿರುತ್ತದೆ; ಅದು ತೂತಾದರೆ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬರುತ್ತದೆ. ಅದೂ ಇಲ್ಲವೆಂದರೆ ಗ್ಯಾಸ್ಕೆಟ್ ಮೇಲೆ ಅನುಮಾನ. ಆ ವಿಷಯ ಕೊನೆಯ ಹಂತದಲ್ಲಿದೆ.

ಅರಿಶಿನದ ಪುಡಿಯ ಬಗ್ಗೆ ಬಹಳ ಜನ ಕೇಳುತ್ತಾರೆ. ಲಾರಿ ಡ್ರೈವರುಗಳು ಸೋರುವ ರೇಡಿಯೇಟರಿಗೆ ಅರಿಶಿನ ಹಾಕಿ ಊರು ಮುಟ್ಟುತ್ತಿದ್ದದ್ದು ನಿಜ. ಪುಡಿ ಉಬ್ಬಿ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದೇ ಪುಡಿ ಕಾರಿನ ರೇಡಿಯೇಟರಿನ ತೀರ ಸಣ್ಣ ನಾಳಗಳಲ್ಲೂ ಹೀಟರಿನಲ್ಲೂ ಸಿಕ್ಕಿಕೊಳ್ಳುತ್ತದೆ. ಕಾಡಿನ ನಡುವೆ ಬೇರೆ ದಾರಿಯೇ ಇಲ್ಲದಿದ್ದರೆ ಸರಿ. ಊರು ಸೇರಿದ ಮೇಲೆ ಪೂರ್ತಿ ತೊಳೆಸಿ. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರವಗಳಿಗೂ ಇದೇ ಮಾತು.

3. ಮುಚ್ಚಳವೂ ಒಂದು ಬಿಡಿಭಾಗವೇ

ಮನೆಯ ಪ್ರೆಶರ್ ಕುಕ್ಕರ್ ನೆನಪಿಸಿಕೊಳ್ಳಿ. ಒಳಗೆ ಒತ್ತಡ ಏರಿದಂತೆ ನೀರು 100 ಡಿಗ್ರಿಯಲ್ಲಿ ಕುದಿಯದೆ 120 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗುತ್ತದೆ. ರೇಡಿಯೇಟರ್ ಮುಚ್ಚಳ ಮಾಡುವ ಕೆಲಸವೂ ಅದೇ. ಅದರೊಳಗೆ ಸ್ಪ್ರಿಂಗ್ ಇದ್ದು, ಬಹಳಷ್ಟು ಕಾರುಗಳಲ್ಲಿ ಸುಮಾರು 1 ಬಾರ್ ಒತ್ತಡವನ್ನು ಹಿಡಿದಿಡುತ್ತದೆ. ಅರ್ಧ ಕೂಲಂಟ್, ಅರ್ಧ ನೀರಿನ ಮಿಶ್ರಣ ಆ ಒತ್ತಡದಲ್ಲಿ ಸುಮಾರು 130 ಡಿಗ್ರಿಯವರೆಗೂ ಕುದಿಯುವುದಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಬೇಳೆ ಬೇಯುವುದಿಲ್ಲ; ಮುಚ್ಚಳದ ರಬ್ಬರ್ ಒಣಗಿದರೆ ಕೂಲಂಟ್ ಬೇಗ ಕುದಿಯುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದು ರಬ್ಬರ್ ನೋಡಿ. ಬಿರುಕು, ಗಟ್ಟಿತನ, ಸ್ಪ್ರಿಂಗಿನಲ್ಲಿ ತುಕ್ಕು ಇದ್ದರೆ ಬದಲಿಸಿ. ಹೊಸದರ ಮೇಲೆ ಬರೆದ ಒತ್ತಡದ ಅಂಕಿ ಹಳೆಯದರಷ್ಟೇ ಇರಬೇಕು. ಕಡಿಮೆ ಬೆಲೆಯ ಈ ಮುಚ್ಚಳಕ್ಕೆ ಗ್ಯಾರೇಜುಗಳಲ್ಲಿ ಗಮನ ಸಿಗುವುದು ತೀರ ಕಡಿಮೆ. ನನಗೆ ಬೇಸರ ತರುವ ವಿಷಯ ಇದು.

ಎಚ್ಚರಿಕೆ: ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ, ಬಟ್ಟೆ ಹಿಡಿದೂ ಬೇಡ. ಒತ್ತಡ ಬಿಟ್ಟ ಕ್ಷಣಕ್ಕೇ ಒಳಗಿನ ದ್ರವ ಕುದಿದು ಮುಖಕ್ಕೆ ಚಿಮ್ಮುತ್ತದೆ.

4. ಗಾಳಿ ಹೋಗುವ ದಾರಿ ಮತ್ತು ಫ್ಯಾನ್

ಕಾರಿನ ಮುಂದಿನ ಜಾಲರಿಯ ಹಿಂದೆ ಮೊದಲು ಎಸಿಯ ಬಿಸಿ ಹೊರಬಿಡುವ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್ ಇರುತ್ತದೆ. ಎರಡರ ನಡುವೆ ಧೂಳು, ಹುಳು, ಒಣಹುಲ್ಲು, ಹತ್ತಿ ಎಳೆ ತುಂಬಿಕೊಳ್ಳುತ್ತವೆ. ರಾಯಚೂರು, ಕಲಬುರಗಿ ಕಡೆ ಹೊಲದ ದಾರಿಯಲ್ಲಿ ಓಡಾಡುವವರು ಬೇಸಿಗೆಗೆ ಮುಂಚೆ ಒಮ್ಮೆ ತೊಳೆಸಲೇಬೇಕು. ಮನೆಯ ತೋಟಕ್ಕೆ ನೀರು ಬಿಡುವ ಪೈಪಿನ ರಭಸ ಸಾಕು, ಆದಷ್ಟೂ ಎಂಜಿನ್ ಕಡೆಯಿಂದ ಹೊರಗೆ ಹಾಯಿಸಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ಕಾಗದದಷ್ಟು ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಫ್ಯಾನ್ ಪರೀಕ್ಷೆ ಸುಲಭ. ಕಾರು ನಿಂತಲ್ಲೇ ಎಂಜಿನ್ ಓಡಿಸಿ, ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಮುಂದಿನ ಫ್ಯಾನ್ ತಿರುಗಬೇಕು. ಹೈವೇಯಲ್ಲಿ ಏನೂ ತೊಂದರೆಯಿಲ್ಲ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತರೆ ಮಾತ್ರ ಬಿಸಿಯೇರುತ್ತದೆ ಎನ್ನುವ ಕಾರಿನಲ್ಲಿ ಹತ್ತರಲ್ಲಿ ಒಂಬತ್ತು ಸಲ ನಾನು ಮೊದಲು ನೋಡುವುದು ಫ್ಯಾನ್, ಅದರ ಫ್ಯೂಸ್, ರಿಲೇ. ರಿಲೇ ಅಂದರೆ ಫ್ಯಾನಿಗೆ ಕರೆಂಟು ಬಿಡುವ ಚಿಕ್ಕ ಸ್ವಿಚ್ಚು ಪೆಟ್ಟಿಗೆ. ಬಿಸಿಯಾದ ಕಾರಿನಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗಬಹುದು, ಬೆರಳು ದೂರವಿಡಿ.

5. ಯಾವ ಕೂಲಂಟ್? ಯಾವ ನೀರು?

ಕೂಲಂಟ್ ಎಂದರೆ ಎಥಿಲೀನ್ ಗ್ಲೈಕಾಲ್, ನೀರು, ತುಕ್ಕು ತಡೆಯುವ ರಾಸಾಯನಿಕಗಳ ಮಿಶ್ರಣ. ‘ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ?’ ಎನ್ನುವವರು ಅದಿರುವುದು ನೀರು ಹೆಪ್ಪುಗಟ್ಟದಂತೆ ತಡೆಯಲು ಮಾತ್ರ ಎಂದುಕೊಂಡಿರುತ್ತಾರೆ; ಅವರಿಗೆ ಉತ್ತರ ಆ ಮೂರನೆಯ ಭಾಗದಲ್ಲಿದೆ. ಅಲ್ಯೂಮಿನಿಯಂ, ಕಬ್ಬಿಣ, ರಬ್ಬರ್ ಎಲ್ಲವನ್ನೂ ಸವೆಯದಂತೆ ಕಾಯುವುದು ಅದೇ. ಕಾಲ ಕಳೆದಂತೆ ಅದರ ಸತ್ವ ಇಳಿಯುತ್ತದೆ, ಆದ್ದರಿಂದಲೇ ಕೂಲಂಟ್ ನೋಡಲು ಚೆನ್ನಾಗಿದ್ದರೂ ಬದಲಿಸಬೇಕು. ಹಳೆಯ ಬಗೆಯ ಹಸಿರು ಕೂಲಂಟಿಗೆ ಸಾಮಾನ್ಯವಾಗಿ 2 ವರ್ಷ ಅಥವಾ 40,000 ಕಿ.ಮೀ. ಎಂಬ ಲೆಕ್ಕವಿದೆ. ಸಾವಯವ ಆಮ್ಲದ ಬಗೆ, ಅಂಗಡಿಯವರು ‘ಓಎಟಿ’ ಎನ್ನುವುದು, 5 ವರ್ಷದ ತನಕ ಬಾಳುತ್ತದೆ.

ಬಣ್ಣ ನೋಡಿ ಮೋಸಹೋಗಬೇಡಿ. ಬಣ್ಣ ಕಂಪನಿ ಹಾಕುವ ಗುರುತು, ಅದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಎರಡು ಹಸಿರು ಬೇರೆ ಬೇರೆ ಬಗೆಯವಾಗಿರಬಹುದು. ಕ್ಯಾನಿನ ಹಿಂದೆ ಬರೆದ ಬಗೆಯನ್ನು ಮ್ಯಾನುಯಲ್ ಜೊತೆ ತಾಳೆ ನೋಡಿ. ಹೊಂದದ ಬಗೆಗಳನ್ನು ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಕುಂದುತ್ತದೆ, ಕೆಲವೊಮ್ಮೆ ಲೋಳೆಯಂತೆ ಗಟ್ಟಿಯಾಗಿ ನಾಳಗಳಲ್ಲಿ ಕೂರುತ್ತದೆ. ಈಗಾಗಲೇ ಬೆರೆಸಿದ್ದರೆ ಗಾಬರಿ ಬೇಡ, ಎಲ್ಲ ಬಸಿದು ಹೊಸದು ತುಂಬಿ.

ಕ್ಯಾನುಗಳಲ್ಲಿ ಎರಡು ತರ. ‘ರೆಡಿ ಟು ಯೂಸ್’ ಅಂದರೆ ನೀರು ಬೆರೆಸಿಯೇ ಕೊಟ್ಟದ್ದು, ಹಾಗೇ ಸುರಿಯುವುದು. ‘ಕಾನ್ಸಂಟ್ರೇಟ್’ ಅಂದರೆ ಗಟ್ಟಿ ದ್ರವ, ಡಿಸ್ಟಿಲ್ಡ್ ವಾಟರ್ ಬೆರೆಸಬೇಕಾದದ್ದು, ಸಾಮಾನ್ಯವಾಗಿ ಸಮಸಮ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂದುಕೊಂಡು ಕಾನ್ಸಂಟ್ರೇಟನ್ನು ನೀರಿಲ್ಲದೆ ಸುರಿಯುವವರಿದ್ದಾರೆ. ಬಿಸಿ ಹೊತ್ತೊಯ್ಯುವುದರಲ್ಲಿ ಗ್ಲೈಕಾಲ್ ನೀರಿನಷ್ಟು ಸಮರ್ಥವಲ್ಲ. ಬರಿಯ ಕಾನ್ಸಂಟ್ರೇಟ್ ಹಾಕಿದರೆ ಎಂಜಿನ್ ಇನ್ನಷ್ಟು ಕಾಯುತ್ತದೆ.

ಬೋರ್‌ವೆಲ್ ನೀರು ಬೇಡವೇ ಬೇಡ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗದ ಕಡೆಯವರು ಸ್ನಾನದ ಹಂಡೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವನ್ನು ನೋಡಿಯೇ ಇರುತ್ತೀರಿ. ಒಂದೆರಡು ಮಿಲಿಮೀಟರ್ ಅಗಲದ ರೇಡಿಯೇಟರ್ ನಾಳದಲ್ಲಿ ಅದೇ ಪದರ ಕಟ್ಟಿದರೆ ಏನುಳಿಯಿತು? ಆರ್‌ಒ ನೀರು ಅದಕ್ಕಿಂತ ವಾಸಿ, ಆದರೂ ಸ್ವಲ್ಪ ಲವಣ ಉಳಿದಿರುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ಅಲ್ಲೇ ಪಕ್ಕದಲ್ಲಿ ಬ್ಯಾಟರಿ ಆಸಿಡ್ ಕ್ಯಾನ್ ಕೂಡ ಇರುತ್ತದೆ, ಲೇಬಲ್ ಓದಿ ತೆಗೆದುಕೊಳ್ಳಿ.

6. ಕೂಲಂಟ್ ಬದಲಿಸುವುದು

ಸಣ್ಣ ಕಾರುಗಳಿಗೆ ಸುಮಾರು 4ರಿಂದ 6 ಲೀಟರ್ ಹಿಡಿಯುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ ಕೆಲಸ ಶುರು ಮಾಡಿ.

ಮುಚ್ಚಳ ತೆಗೆದು, ರೇಡಿಯೇಟರ್ ಕೆಳಗಿನ ಡ್ರೈನ್ ತಿರುಪು ಸಡಿಲಿಸಿ ಟಬ್ಬಿಗೆ ಇಳಿಸಿ. ಆ ತಿರುಪು ಪ್ಲಾಸ್ಟಿಕ್ಕಿನದು, ಒತ್ತಾಯ ಮಾಡಿದರೆ ಮುರಿಯುತ್ತದೆ. ತಿರುಪೇ ಇಲ್ಲದಿದ್ದರೆ ಕೆಳಗಿನ ಹೋಸಿನ ಕ್ಲಿಪ್ ಬಿಚ್ಚಬೇಕು. ಟ್ಯಾಂಕನ್ನೂ ಖಾಲಿ ಮಾಡಿ ತೊಳೆಯಿರಿ. ಹೊರಬಂದದ್ದನ್ನು ಅಳೆದಿಡಿ, ಎಂಜಿನ್ ಒಳಗೆ ಒಂದಷ್ಟು ಉಳಿದುಬಿಡುವುದರಿಂದ ಮ್ಯಾನುಯಲ್ ಹೇಳಿದಷ್ಟು ಪೂರ್ತಿ ಬರುವುದಿಲ್ಲ.

ತಿರುಪು ಮುಚ್ಚಿ ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಿ, ಮೇಲಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಿ. ಮತ್ತೆ ಪೂರ್ತಿ ತಣಿಯಲು ಬಿಟ್ಟು ಬಸಿಯಿರಿ. ಬಂದ ನೀರು ಕಂದಾಗಿದ್ದರೆ ಇನ್ನೊಮ್ಮೆ. ಹೀಗೆ ತೊಳೆದ ಮೇಲೆ ಒಳಗೆ ಉಳಿದ ನೀರು ಹೊಸ ಕೂಲಂಟನ್ನು ತೆಳುವಾಗಿಸುತ್ತದೆ ಎಂಬುದು ನೆನಪಿರಲಿ. ಆದ್ದರಿಂದ ತೊಳೆದವರು ಕಾನ್ಸಂಟ್ರೇಟ್ ಬಳಸುವುದೇ ಒಳ್ಳೆಯದು: ಒಟ್ಟು 5 ಲೀಟರ್ ಹಿಡಿಯುವ ಕಾರಿಗೆ ಮೊದಲು ಎರಡೂವರೆ ಲೀಟರ್ ಕಾನ್ಸಂಟ್ರೇಟ್, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್.

ತುಂಬುವಾಗ ನಿಧಾನ. ಜನ ಎಡವುವುದು ಇಲ್ಲಿಯೇ. ಗಡಿಬಿಡಿಯಲ್ಲಿ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಗಾಳಿ ಇದ್ದಲ್ಲಿ ಕೂಲಂಟ್ ಇರುವುದಿಲ್ಲ, ಅಲ್ಲೇ ಹೆಡ್ ಕಾಯುತ್ತದೆ. ಕೆಲವು ಕಾರುಗಳಲ್ಲಿ ಗಾಳಿ ಬಿಡಲೆಂದೇ ಒಂದು ಸಣ್ಣ ತಿರುಪು ಇರುತ್ತದೆ. ಅಲ್ಲಿಂದ ಗುಳ್ಳೆಯಿಲ್ಲದೆ ಕೂಲಂಟ್ ಬರುವ ತನಕ ತೆರೆದಿಡಿ. ಇಲ್ಲದ ಕಾರುಗಳಲ್ಲಿ ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಆಲಿಕೆ ಇಟ್ಟು ಸ್ಟಾರ್ಟ್ ಮಾಡಿ, ಹೀಟರ್ ಬಿಸಿಗೆ ಇಟ್ಟು, ಗುಳ್ಳೆ ಏಳುತ್ತ ಮಟ್ಟ ಇಳಿದಂತೆಲ್ಲ ತುಂಬಿಸುತ್ತ ಹೋಗಿ. ಮೇಲಿನ ಹೋಸನ್ನು ಮೆಲ್ಲಗೆ ಹಿಸುಕಿದರೆ ಗಾಳಿ ಬೇಗ ಹೊರಬರುತ್ತದೆ. ಗುಳ್ಳೆ ನಿಂತ ಮೇಲೆ, ಕುದಿ ಬರುವ ಮುಂಚೆ, ಮುಚ್ಚಿ. ಹೀಟರ್ ಒಮ್ಮೆ ಬಿಸಿ ಒಮ್ಮೆ ತಣ್ಣನೆ ಗಾಳಿ ಊದುತ್ತಿದ್ದರೆ ಇನ್ನೂ ಗಾಳಿ ಉಳಿದಿದೆ. ಮಾರನೆಯ ಬೆಳಿಗ್ಗೆ ಮಟ್ಟ ನೋಡಿ, ಸ್ವಲ್ಪ ಇಳಿದಿರುವುದು ಸಹಜ.

ಹಳೆಯ ಕೂಲಂಟನ್ನು ಅಂಗಳದಲ್ಲಿ ಒಂದು ನಿಮಿಷವೂ ಬಿಡಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕುತ್ತವೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅಷ್ಟೇ ಅಪಾಯ. ಚರಂಡಿಗೆ, ಗಿಡದ ಬುಡಕ್ಕೆ ಸುರಿಯಬೇಡಿ. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಹಳೇ ಆಯಿಲನ್ನೂ ವಿಲೇವಾರಿ ಮಾಡುವ ಸರ್ವಿಸ್ ಸೆಂಟರಿಗೆ, ಆಯಿಲ್ ಜೊತೆ ಬೆರೆಸದೆ, ಬೇರೆಯಾಗಿಯೇ ಕೊಡಿ.

7. ಥರ್ಮೋಸ್ಟಾಟ್ ಕೀಳಿಸಬೇಡಿ

ಥರ್ಮೋಸ್ಟಾಟ್ ಎಂದರೆ ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರ್ ದಾರಿಯನ್ನು ಮುಚ್ಚಿಡುವ ಬಾಗಿಲು. ಸಾಮಾನ್ಯವಾಗಿ 82ರಿಂದ 90 ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆ. ಮುಚ್ಚಿದಂತೆಯೇ ಸಿಕ್ಕಿಕೊಂಡರೆ ಎಂಜಿನ್ ಕಾಯುತ್ತದೆ. ‘ನಮ್ಮ ಬಿಸಿಲಿಗೆ ಇದು ಬೇಕಿಲ್ಲ ಸಾರ್’ ಎಂದು ಕಿತ್ತು ಎಸೆಯುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ನನ್ನ ಹಳೆಯ ಕಾರಿಗೂ ಒಬ್ಬರು ಹೀಗೆ ಮಾಡಿದ್ದರು. ಮೈಲೇಜ್ ಇಳಿದ ಕಾರಣ ತಿಳಿಯಲು ತಿಂಗಳುಗಳೇ ಹಿಡಿದವು. ತಣ್ಣಗೇ ಓಡುವ ಎಂಜಿನ್ ಹೆಚ್ಚು ಇಂಧನ ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ.

ವಾಟರ್ ಪಂಪನ್ನು ಟೈಮಿಂಗ್ ಬೆಲ್ಟ್ ತಿರುಗಿಸುವ ಕಾರಾಗಿದ್ದರೆ, ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಬದಲಿಸಿ. ಬಿಚ್ಚುವ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ.

8. ದಾರಿಯಲ್ಲಿ ಮುಳ್ಳು ಏರಿದರೆ

ಗುಂಡ್ಯದಿಂದ ಸಕಲೇಶಪುರದ ಕಡೆ, ಉಜಿರೆಯಿಂದ ಕೊಟ್ಟಿಗೆಹಾರದ ಕಡೆ, ಆಗುಂಬೆಯ 14 ತಿರುವುಗಳಲ್ಲಿ ಹತ್ತುವಾಗ ಎಂಜಿನ್ನಿಗೆ ಹೊರೆ ಹೆಚ್ಚು, ಕಾರಿನ ವೇಗ ಕಡಿಮೆ, ಮುಂದಿನಿಂದ ಬರುವ ಗಾಳಿಯೂ ಕಡಿಮೆ. ದುರ್ಬಲ ಕೂಲಿಂಗ್ ಬಯಲಾಗುವುದು ಅಲ್ಲೇ. ಈಗಿನ ಹಲವು ಸಣ್ಣ ಕಾರುಗಳಲ್ಲಿ ಬಿಸಿಯ ಮುಳ್ಳೇ ಇಲ್ಲ, ದೀಪ ಮಾತ್ರ ಇರುತ್ತದೆ. ಕೆಂಪು ದೀಪ ಬಂತೆಂದರೆ ಮಿತಿ ಆಗಲೇ ಮೀರಿದೆ.

ಮುಳ್ಳು ಮಾಮೂಲಿಗಿಂತ ಮೇಲೇರುತ್ತಿದ್ದಂತೆ ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ವೇಗಕ್ಕೆ ಇಡಿ. ಸೆಕೆಯಾಗುತ್ತದೆ, ತಡೆದುಕೊಳ್ಳಿ, ಎಂಜಿನ್ನಿನ ಬಿಸಿಯ ಒಂದು ಪಾಲು ಅಲ್ಲಿಂದ ಹೊರಹೋಗುತ್ತದೆ. ಕೆಂಪು ಗೆರೆ ಮುಟ್ಟಿದರೆ, ಕೆಂಪು ದೀಪ ಹತ್ತಿದರೆ, ಆವಿ ಕಂಡರೆ, ಮೊದಲು ಸಿಗುವ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ‘ಇನ್ನು ಎರಡೇ ಕಿಲೋಮೀಟರ್, ಮಾರನಹಳ್ಳಿಯಲ್ಲಿ ನಿಲ್ಲಿಸೋಣ’ ಎಂಬ ಲೆಕ್ಕಾಚಾರದಲ್ಲೇ ಹೆಡ್‌ಗಳು ಬಾಗುವುದು. ಆ ಎರಡು ಕಿಲೋಮೀಟರಿಗಿಂತ ಟೋಯಿಂಗ್ ಗಾಡಿ ಅಗ್ಗ.

ಮುಳ್ಳು ಏರಿ, ನಂತರ ಏನೂ ಮಾಡದೆಯೇ ದಿಢೀರನೆ ಕೆಳಗೆ ಬಿದ್ದರೆ ಸಮಾಧಾನಪಡಬೇಡಿ. ಕೂಲಂಟ್ ಪೂರ್ತಿ ಖಾಲಿಯಾಗಿ ಸೆನ್ಸರ್ ದ್ರವದ ಬದಲು ಗಾಳಿಯಲ್ಲಿ ನಿಂತಾಗಲೂ ಹೀಗಾಗುತ್ತದೆ. ಹೀಟರ್ ತಣ್ಣನೆ ಗಾಳಿ ಊದುತ್ತಿದ್ದರೆ ಅದೇ ಅನುಮಾನ. ತಕ್ಷಣ ನಿಲ್ಲಿಸಿ.

ನಿಲ್ಲಿಸಿದ ಮೇಲೆ ಅರ್ಧ ಗಂಟೆಗೂ ಹೆಚ್ಚು ಕಾಯಿರಿ. ಮೇಲಿನ ಹೋಸ್ ಬರಿಗೈಯಲ್ಲಿ ಹಿಡಿಯುವಷ್ಟು ತಣಿದು, ಹಿಸುಕಿದರೆ ಮೆತ್ತಗಿದ್ದರೆ ಮಾತ್ರ ಮುಚ್ಚಳಕ್ಕೆ ಕೈ ಹಾಕಿ. ಎಂಜಿನ್ ಮೇಲೆ ತಣ್ಣೀರು ಎರಚಬೇಡಿ, ಒಳಗೂ ಒಮ್ಮೆಲೇ ಸುರಿಯಬೇಡಿ. ಕಾದ ಲೋಹ ಬಿರುಕು ಬಿಡುತ್ತದೆ. ಕೂಲಂಟ್ ಇಲ್ಲದಿದ್ದರೆ ಇಲ್ಲಿ ಮಾತ್ರ ಕುಡಿಯುವ ನೀರು ಹಾಕಬಹುದು, ಗ್ಯಾರೇಜ್ ತಲುಪುವುದಕ್ಕೆ. ಘಾಟಿ ಪ್ರಯಾಣಕ್ಕೆ ಹೊರಡುವಾಗ ಒಂದು ಲೀಟರ್ ರೆಡಿ ಟು ಯೂಸ್ ಕೂಲಂಟ್ ಡಿಕ್ಕಿಯಲ್ಲಿದ್ದರೆ ಆ ನೀರೂ ಬೇಕಾಗುವುದಿಲ್ಲ.

9. ಒಮ್ಮೆ ಕಾದ ಎಂಜಿನ್ನನ್ನು ನಂಬುವ ಮುಂಚೆ

ಎಸಿ ಆಫ್ ಮಾಡಿದ ಮೇಲೆ ಸರಿಹೋಯಿತು ಎಂದು ಕೇಳಿದವರಿಗೆ ಇದು ಉತ್ತರ. ಏರಿದ ಕಾರಣ ಸಿಕ್ಕಿಲ್ಲ, ಹಾಗಾಗಿ ಮತ್ತೆ ಏರುತ್ತದೆ. ಮೇಲಿನ ಹಂತಗಳಂತೆ ಮಟ್ಟ, ಮುಚ್ಚಳ, ಫ್ಯಾನ್, ಥರ್ಮೋಸ್ಟಾಟ್ ಒಂದೊಂದಾಗಿ ನೋಡಿಸಿ. ಆಮೇಲೆ ಗ್ಯಾಸ್ಕೆಟ್ ವಿಚಾರ. ಎಂಜಿನ್ ಬಿಸಿಯಾದ ನಂತರವೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಟ್ಯಾಂಕಿನಲ್ಲಿ ಎಡೆಬಿಡದೆ ಏಳುವ ಗುಳ್ಳೆ, ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಕಲ್ಲಿನಂತೆ ಗಟ್ಟಿಯಾಗುವ ಹೋಸ್, ಇವು ಅದರ ಗುರುತು. ಖಾತ್ರಿ ಮಾಡಿಕೊಳ್ಳಲು ಒಂದು ಪರೀಕ್ಷೆಯಿದೆ: ಟ್ಯಾಂಕಿನ ಬಾಯಿಗೆ ನೀಲಿ ದ್ರವದ ನಳಿಕೆ ಹಿಡಿದಾಗ ಸಿಲಿಂಡರಿನ ಅನಿಲ ಸೋರಿದ್ದರೆ ದ್ರವ ಹಳದಿಯಾಗುತ್ತದೆ. ಹೆಡ್ ಬಿಚ್ಚಿಸುವ ಮುಂಚೆ ಇದನ್ನು ಮಾಡುತ್ತೀರಾ ಎಂದು ಕೇಳಿ.

ಬಿಚ್ಚಲೇಬೇಕಾದರೆ, ಗ್ಯಾಸ್ಕೆಟ್ ಒಂದನ್ನೇ ಬದಲಿಸಿ ಮುಚ್ಚಲು ಒಪ್ಪಬೇಡಿ. ಹೆಡ್ಡಿನ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜಿನಿಂದ, ಅಂದರೆ ಕೂದಲೆಳೆಯಷ್ಟು ಸಂದನ್ನು ಅಳೆಯುವ ಲೋಹದ ಎಲೆಗಳಿಂದ, ಬಾಗಿದೆಯೇ ಎಂದು ನಿಮ್ಮ ಮುಂದೆಯೇ ಅಳೆಸಿ. ಬಾಗಿದ್ದರೆ ಲೇತ್ ಅಂಗಡಿಯಲ್ಲಿ ಮಟ್ಟ ಮಾಡಿಸಬೇಕು. ಬಿರುಕಿಗೆ ಒತ್ತಡದ ಪರೀಕ್ಷೆಯನ್ನೂ ಅಲ್ಲೇ ಮಾಡುತ್ತಾರೆ. ಕಂಪನಿ ಹೇಳಿದ್ದರೆ ಹೆಡ್ ಬೋಲ್ಟುಗಳೂ ಹೊಸವೇ ಆಗಬೇಕು. ಜೋಡಿಸಿದ ಮೇಲೆ ಎಂಜಿನ್ ಆಯಿಲ್, ಫಿಲ್ಟರ್, ಕೂಲಂಟ್ ಮೂರೂ ಹೊಸದು ಹಾಕಿಸಿ, ಮೊದಲ ವಾರ ಪ್ರತಿದಿನ ಬೆಳಿಗ್ಗೆ ಟ್ಯಾಂಕಿನ ಗೆರೆ ನೋಡಿ.